ಹೆಂಡತಿಗೆ ಬಂದ ಅಳು

ಮೂವತ್ತು ವರ್ಷದಿಂದ ನಾನು ದಿನಾ ಬೆಳಗ್ಗೆ ಒಂದು ಗಂಟೆ ದೇವರ ಮುಂದೆ ಕೂರುತ್ತೇನೆ. ದೇವಿಯ ಸಾವಿರ ಹೆಸರು ಹೇಳಿ ಮುಗಿಸದೆ ಮಲಾಡಿನಿಂದ ಬಾಂದ್ರಾದ ಆಫೀಸಿಗೆ ಲೋಕಲ್ ರೈಲು ಹತ್ತಿದವನಲ್ಲ. ನನ್ನ ಹೆಂಡತಿಗೆ ಇದರಲ್ಲಿ ಆಸಕ್ತಿ ಇಲ್ಲ. ಹಬ್ಬದ ದಿನ ಅವಳು ದೀಪ ಹಚ್ಚುವುದೂ ನನ್ನ ಮನಸ್ಸು ನೋಯಬಾರದು ಎಂದು.

ಐವತ್ತು ದಾಟಿದ ಮೇಲೆ ಅವಳು ಪವಾಯಿಯ ತನ್ನ ಆಫೀಸಿನವರ ಜೊತೆ ಬೆಟ್ಟ ಹತ್ತಲು ಶುರುಮಾಡಿದಳು. ಭಾನುವಾರ ಸಂಜೆ ಬೂಟಿಗೆ ಕೆಂಪು ಮಣ್ಣು ಮೆತ್ತಿಕೊಂಡು ಮನೆಗೆ ಬರುವಾಗ ಅವಳ ಮುಖದಲ್ಲಿ ಒಂದು ನೆಮ್ಮದಿ ಇರುತ್ತಿತ್ತು. ಪೂಜೆ ಮುಗಿಸಿ ಎದ್ದಾಗ ನನ್ನ ಮುಖದಲ್ಲಿ ಇರಬೇಕಾಗಿದ್ದ ನೆಮ್ಮದಿ ಅದು. ನಾನೋ, ಎದ್ದ ಕೂಡಲೇ ಗಡಿಯಾರ ನೋಡುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು. ಬಾಯಲ್ಲಿ ಮಾತ್ರ, ಈ ವಯಸ್ಸಿಗೆ ಮಂಡಿ ಹಾಳಾಗುತ್ತದೆ ಎನ್ನುತ್ತಿದ್ದೆ.

ಒಂದು ಚಳಿಗಾಲ ಅವರ ಗುಂಪು ಕಳಸೂಬಾಯಿಗೆ ಹೊರಟಿತು. ಮಹಾರಾಷ್ಟ್ರದ ಅತಿ ಎತ್ತರದ ಶಿಖರ. ತುದಿಯಲ್ಲಿ ದೇವಿಯ ಪುಟ್ಟ ಗುಡಿ. "ಅಲ್ಲಿಗಾದ್ರೆ ನಾನೂ ಬರ್ತೀನಿ," ಎಂದೆ. ದೇವಿಯ ಹತ್ತಿರ ಹೋಗುವಾಗಲಾದರೂ ಅವಳಿಗಿಂತ ಮುಂದಿರಬಹುದು ಅಂದುಕೊಂಡಿದ್ದೆ.

ದಾರಿಯಲ್ಲಿ ಬಂಡೆಗೆ ಕಬ್ಬಿಣದ ಏಣಿಗಳಿವೆ. ಎರಡನೆಯದರ ಮಧ್ಯದಲ್ಲಿ ಕೆಳಗೆ ನೋಡಿಬಿಟ್ಟೆ. ಆಮೇಲೆ ಕಾಲು ಮೇಲಕ್ಕೂ ಏಳಲಿಲ್ಲ, ಕೈ ಕಂಬಿಯನ್ನೂ ಬಿಡಲಿಲ್ಲ. ಹಿಂದಿದ್ದ ಅವಳು ನನ್ನ ಒಂದೊಂದೇ ಪಾದ ಹಿಡಿದು ಕೆಳಗಿನ ಮೆಟ್ಟಿಲಿಗೆ ಇಡಿಸಿ ಇಳಿಸಿದಳು.

"ನಾನೂ ಇಲ್ಲೇ ಇರ್ತೀನಿ ರೀ."

"ಬೇಡ, ಹೋಗು," ಎಂದೆ. ಹೋಗದಿರಲಿ ಎಂದು ಒಳಗೊಳಗೇ ಬಯಸಿದ್ದೆ. ಹೋದಳು.

ಇಳಿದು ಬಂದಾಗ ಅವಳ ಕಣ್ಣು ಕೆಂಪಾಗಿತ್ತು. ಏನಾಯಿತು ಎಂದು ಕೇಳಿದೆ.

"ಗೊತ್ತಿಲ್ಲ ರೀ. ಏನೂ ಬೇಡ್ಕೊಳ್ಳಲಿಲ್ಲ. ಸುಮ್ನೆ ಗುಡಿ ಬಾಗಿಲಲ್ಲಿ ನಿಂತೆ. ಅಳು ಬಂತು, ನಿಲ್ಲಲೇ ಇಲ್ಲ."

ಮೂವತ್ತು ವರ್ಷದಲ್ಲಿ ದೇವರ ಮುಂದೆ ನನ್ನ ಕಣ್ಣಿಂದ ಒಂದು ಹನಿಯೂ ಬಿದ್ದಿರಲಿಲ್ಲ. "ಸುಸ್ತಿಗೆ ಹಾಗಾಗತ್ತೆ," ಎಂದೆ. "ಬಿಪಿ ಚೆಕ್ ಮಾಡಿಸು."

ಅವಳು ಬೂಟಿನ ದಾರ ಬಿಗಿದುಕೊಂಡು ಗುಂಪಿನ ಜೊತೆ ನಡೆದಳು. ಆಮೇಲೆಯೂ ಬೆಟ್ಟಕ್ಕೆ ಹೋಗುತ್ತಿದ್ದಳು, ಬರುತ್ತಿದ್ದಳು. ಅಲ್ಲಿಯ ಸುದ್ದಿಯನ್ನು ಮಾತ್ರ ನನ್ನ ಹತ್ತಿರ ಎತ್ತಲಿಲ್ಲ.

ನಾನು ಒಂದು ವರ್ಷ ಲಿಫ್ಟ್ ಬಿಟ್ಟು ನಮ್ಮ ಬಿಲ್ಡಿಂಗಿನ ಹದಿನಾಲ್ಕು ಮಹಡಿ ಹತ್ತಿ ಇಳಿದೆ. ಮುಂದಿನ ಚಳಿಗಾಲ ಅವಳು ಮೈಸೂರಿಗೆ ತಂಗಿಯ ಮನೆಗೆ ಹೋಗಿದ್ದಾಗ, ಅವಳಿಗೆ ಹೇಳದೆ ಬೇರೊಂದು ಗುಂಪಿನ ಜೊತೆ ಕಳಸೂಬಾಯಿಗೆ ಹೋದೆ. ಏಣಿಗಳ ಮೇಲೆ ಕಣ್ಣೆದುರಿನ ಬಂಡೆ ಬಿಟ್ಟು ಬೇರೇನೂ ನೋಡದೆ ತುದಿ ಮುಟ್ಟಿದೆ. ಗುಡಿಯ ಮುಂದೆ ನಿಂತು ಅಳು ಬರಲೆಂದು ಕಾದೆ. ಹೊಟ್ಟೆ ಹಸಿದಿತ್ತು. ಯಾರೋ ಸೆಲ್ಫಿಗಾಗಿ ಪಕ್ಕಕ್ಕೆ ಸರಿಯಲು ಹೇಳಿದರು, ಸರಿದೆ.

ಅವಳು ವಾಪಸ್ ಬಂದ ದಿನ ಊಟಕ್ಕೆ ಕೂತಾಗ ಎಲ್ಲ ಹೇಳಿದೆ. "ನಂಗೇನೂ ಆಗಲಿಲ್ಲ. ಅವತ್ತು ನಿಂಗೆ ಆಗಿದ್ದು ಸುಸ್ತಲ್ಲ ಅಂತ ಗೊತ್ತಿತ್ತು. ಹೊಟ್ಟೆಕಿಚ್ಚಿಗೆ ಹಾಗಂದೆ."

"ಹೊಟ್ಟೆಕಿಚ್ಚು ಅಂತ ನಂಗೂ ಗೊತ್ತಿತ್ತು," ಎಂದಳು. ನನ್ನ ತಟ್ಟೆಗೆ ಸಾರು ಬಡಿಸುತ್ತಾ ಹೇಳಿದಳು: "ಆದ್ರೂ ನೀವು ಅಂದ್ಮೇಲೆ ಅನುಮಾನ ಬಂತು ರೀ, ಸುಸ್ತೇ ಇರಬಹುದೇನೋ ಅಂತ. ಆಮೇಲೆ ಎರಡು ಸಲ ಆ ಗುಡಿಗೆ ಹೋದೆ. ಅಳು ಬರಲಿಲ್ಲ."

ಒಂದೇ ಮಾತಿನಿಂದ ಅವಳಿಂದ ಆ ಅಳುವನ್ನು ಕಿತ್ತುಕೊಂಡವನು ನಾನು. ತಪ್ಪಾಯಿತು ಎಂದೆ, ಮನಸಾರೆಯೇ ಅಂದೆ. ಆದರೆ ಅವಳಿಗೂ ಅಳು ಬರಲಿಲ್ಲ ಎಂದು ಕೇಳಿದ ಗಳಿಗೆಯಲ್ಲಿ ಒಳಗೆಲ್ಲೋ ಸಮಾಧಾನವೂ ಆಗಿತ್ತು. ಅದನ್ನು ಅವಳಿಗೆ ಇನ್ನೂ ಹೇಳಿಲ್ಲ.