ಗಾಸ್ತೋನ್ ತಾತನ ಏಳು ಗಂಟೆ

ಮೊನ್ನೆ ನಾನೀಗಿರುವ ಸ್ಟಾಫರ್ಡ್‌ನಲ್ಲಿ ಕೊತ್ತಂಬರಿ ಸೊಪ್ಪು ತರೋಕೆ ಹೋದವನು ಅಂಗಡಿ ಬಾಗಿಲಲ್ಲೇ ನಿಂತುಬಿಟ್ಟೆ. ಕುಂಬಳಕಾಯಿ ಕೂರಿಸಿ ಅಲಂಕಾರ ಮಾಡೋಕೆ ಅಂತ ಒಣಹುಲ್ಲಿನ ಪೆಂಡಿಗಳನ್ನು ತಂದಿಟ್ಟಿದ್ದರು. ಆ ವಾಸನೆಗೆ ಸೀನು ಬರಬೇಕಾದ ಜಾಗದಲ್ಲಿ ನನ್ನ ಗಂಟಲಿಂದ "ಬೋಂ" ಎಂಬ ಗಡಸು ದನಿ ಹೊರಟಿತು. ಪಕ್ಕದ ಆಂಟಿ ತಮ್ಮ ಗಾಡಿಯನ್ನು ಹಿಂದಕ್ಕೆಳೆದುಕೊಂಡರು. ನೀವು ಹೆದರಬೇಡಿ. ಅದು ನಾನು ಚಿಕ್ಕವನಿದ್ದಾಗ ನಮ್ಮ ನೆರೆಯಲ್ಲಿದ್ದ ಗಾಸ್ತೋನ್ ತಾತನ ದನಿ. ತಾತ ಈಗಿಲ್ಲ, ದನಿ ನನ್ನ ಹತ್ತಿರ ಉಳಿದಿದೆ.

ನನ್ನದು ಅಣಕಿಸುವ ಬಾಯಿ. ಪೂಜೆ ಮಧ್ಯೆ ಫೋನ್ ಎತ್ತುವ ಪುರೋಹಿತರು, ಪ್ಲೇನೋದ ಮನೆ ಬೆಲೆ ಹೇಳುವಾಗ ದನಿ ತಗ್ಗಿಸುವ ಅಂಕಲ್‌ಗಳು, ಇಂಗ್ಲಿಷಲ್ಲಿ ಬೈದು ಕನ್ನಡದಲ್ಲಿ ಅಳುವ ನನ್ನಮ್ಮ, ಎಲ್ಲರೂ ಅಲ್ಲಿ ಬಾಡಿಗೆಗಿದ್ದಾರೆ. ಜಾಗ ಸಾಲದೆ ನಾನೇ ಆಚೆ ಇದ್ದೀನೇನೋ ಅಂತ ಒಮ್ಮೊಮ್ಮೆ ಅನುಮಾನ.

ತಾತ ಹುಟ್ಟಿದ್ದು ಕೆನಡಾದ ಕ್ವಿಬೆಕ್‌ನಲ್ಲಿ, ಫ್ರೆಂಚ್ ಮಾತಾಡುವ ರೈತರ ಮನೆಯಲ್ಲಿ. ಒಂದು ಜನ್ಮಕ್ಕಾಗುವಷ್ಟು ಹಿಮ ತೋಡಿದ್ದಾಯ್ತು ಅಂತ ಹಳೇ ಟ್ರಕ್ಕಲ್ಲಿ ದಕ್ಷಿಣಕ್ಕೆ ಹೊರಟವನು ಪ್ಲೇನೋ ಹತ್ತಿರದ ಲೂಯಿಸ್‌ವಿಲ್ ಆಚೆ, ನಾನು ಬೆಳೆದ ಜಾಗದಲ್ಲಿ, ನಿಂತನಂತೆ. ಆಗಲ್ಲಿ ಇದ್ದದ್ದು ಹುಲ್ಲು ಮತ್ತು ಹಾವು. ಮೊದಲ ಬಾವಿ ತೋಡಿಸಿದ. ಆಮೇಲೆ ಬಂದವರೆಲ್ಲ ಅದರ ನೀರು ಕುಡಿದರು. ರಸ್ತೆ ಬೇಕೆಂದು ಸಿಟಿಯವರ ಮುಂದೆ ಹೋಗಿ ಕೂತ. ಬೆಂಕಿ ಆರಿಸೋಕೆ ಊರವರದೇ ತಂಡ ಕಟ್ಟಿದ. ಯಾರೂ ಅವನನ್ನು ಆರಿಸಲಿಲ್ಲ. ಎಲ್ಲ ಕಡೆಗೂ ಅವನೇ ಮೊದಲು ಬಂದಿರುತ್ತಿದ್ದ, ಹಾಗಾಗಿ ಮುಖಂಡ. ಕಡೆಗೆ ಅವನ ಹೊಲದ ಸುತ್ತ ಮನೆಗಳೆದ್ದವು, ಕುಕ್ಕರ್ ಸಮೇತ ನಾವು ಕನ್ನಡದವರು ಬಂದೆವು. ನಮ್ಮ ರಾಜ್ಯೋತ್ಸವಕ್ಕೆ ಹಾಲ್ ಸಿಗದಿದ್ದಾಗ ಹುಲ್ಲಿನ ಕೊಟ್ಟಿಗೆ ಗುಡಿಸಿ ಕೊಟ್ಟವನು ಅವನೇ.

ಯಾರ ಮನೆ ಬೇಲಿ ಬಿದ್ದರೂ, ಸೂರು ಸೋರಿದರೂ ತಾತನ ಫೋನ್ ಬರುತ್ತಿತ್ತು: "ಬೋಂ. ಸ್ಯಾಟರ್‌ಡೇ. ಸೆವೆನ್. ಗ್ಲೌಸ್." ಅಷ್ಟೇ. 'ಬೋಂ' ಅಂದರೆ ಅವನ ಫ್ರೆಂಚಲ್ಲಿ 'ಸರಿ'. ಎಲ್ಲರೂ ಸೇರಿ ಕೆಲಸ ಮುಗಿಸಬೇಕು, ಆ ಮನೆಯವರು ಊಟ ಹಾಕಬೇಕು. ಅವನೂರಿನ ಪದ್ಧತಿಯಂತೆ. ನಮ್ಮ ಎದುರುಮನೆ ಧಾರವಾಡದ ಕುಲಕರ್ಣಿ ಅಂಕಲ್ ಮೊದಲ ಸಲ ಕೇಳಿದಾಗಲೇ, ಇದು ನಮ್ಮ ಮುಯ್ಯಾಳಲ್ಲೇನ್ರಿ ಅಂತ ಕುಣಿದುಬಿಟ್ಟಿದ್ದರು. ಆದರೆ ತಾತ ತನ್ನ ಹೊಲದ ಕೆಲಸಕ್ಕೆ ಯಾರನ್ನೂ ಕರೆದವನಲ್ಲ.

ಒಂದು ಶರತ್ಕಾಲ ತಾತ ಟ್ರ್ಯಾಕ್ಟರಿಂದ ಬಿದ್ದು ಕಾಲು ಮುರಿದುಕೊಂಡ. ಕಟ್ಟಿದ ಪೆಂಡಿಗಳೆಲ್ಲ ಹೊಲದಲ್ಲೇ. ಶನಿವಾರ ಮಧ್ಯಾಹ್ನಕ್ಕೆ ಮಳೆ ಅಂತ ಫೋನುಗಳೆಲ್ಲ ಹೇಳುತ್ತಿದ್ದವು. ಹುಲ್ಲು ನೆನೆದರೆ ಚಳಿಗಾಲಕ್ಕೆ ಮೇವಿಲ್ಲ, ಹಸುಗಳನ್ನು ಮಾರಬೇಕು. ಜನರನ್ನು ಕರೆಯಿರಿ ಅಂತ ಅಮ್ಮ ಅಂಗಲಾಚಿದಳು. ತಾತ ಗೋಡೆ ಕಡೆ ಮುಖ ತಿರುಗಿಸಿದ.

ಶುಕ್ರವಾರ ಸಂಜೆ ಅಮ್ಮ ಕೊಟ್ಟ ಸಾರು ಹಿಡಿದು ನಾನು ಹೋದಾಗ ತಾತ ಕುರ್ಚಿಯಲ್ಲೇ ನಿದ್ದೆಹೋಗಿದ್ದ. ಅಡುಗೆಮನೆ ಗೋಡೆಯಲ್ಲಿ ಫೋನು, ಪಕ್ಕದಲ್ಲೇ ಪೆನ್ಸಿಲಲ್ಲಿ ಗೀಚಿದ ನಮ್ಮೆಲ್ಲರ ನಂಬರು. ಇನ್ನು ಕೇಳಬೇಕೇ? ಬಾಯಿಗೆ ಕೈ ಅಡ್ಡ ಹಿಡಿದು ಒಬ್ಬೊಬ್ಬರಿಗೂ ತಾತನ ದನಿಯಲ್ಲಿ ಫೋನ್ ಮಾಡಿದೆ: "ಬೋಂ. ಸ್ಯಾಟರ್‌ಡೇ. ಸೆವೆನ್. ಮೈ ಏ." ಹುಲ್ಲಿಗೆ ಇಂಗ್ಲಿಷಲ್ಲಿ 'ಹೇ' ಅನ್ನಬೇಕು, ತಾತ ಮಂಡ್ಯದ ನನ್ನ ಸೋದರಮಾವನಂತೆಯೇ ಹಕಾರ ನುಂಗುತ್ತಿದ್ದ. ನನ್ನ ಕಲೆಗೆ ನಾನೇ ಮೆಚ್ಚಿ ಕೊನೆಗೊಂದು "ಪ್ಲೀಸ್" ಕೂಡ ಸೇರಿಸಿದೆ.

ತಮ್ಮ ಮನೆ ಗೃಹಪ್ರವೇಶಕ್ಕೇ ತಡವಾಗಿ ಬರುವ ನಮ್ಮ ಜನ ಅವತ್ತು ಏಳಕ್ಕೆ ಮೊದಲೇ ಗ್ಲೌಸ್ ಹಾಕಿಕೊಂಡು ನಿಂತಿದ್ದರು. ಮೊದಲ ಹನಿ ಬೀಳುವಾಗ ಕೊನೆಯ ಪೆಂಡಿ ಒಳಗಿತ್ತು. ಆಮೇಲೆ ನಮ್ಮವರು ಮಾತ್ರ ಮಾಡಬಲ್ಲ ತಪ್ಪು ಮಾಡಿದರು: ಮನೆಗೊಂದು ಅಡುಗೆ ತರುವ ಪಾಟ್‌ಲಕ್ ಅಭ್ಯಾಸ ನೋಡಿ, ಕಾರುಗಳಿಂದ ಬಿಸಿಬೇಳೆಬಾತ್, ಪುಳಿಯೋಗರೆ ಟ್ರೇಗಳು ಇಳಿದವು. ಗಾಲಿಕುರ್ಚಿಯಲ್ಲಿದ್ದ ತಾತ ಕೆಂಪಾದ. ನನ್ನ ಹೊಲ, ನನ್ನ ಊಟ, ಒಂದು ಮುಚ್ಚಳವನ್ನೂ ತೆಗೆಯುವ ಹಾಗಿಲ್ಲ ಅಂತ ಹುಕುಂ. ಅವನು ಕೂತಲ್ಲಿಂದಲೇ ಹೇಳುತ್ತಾ ಹೋದ, ಅಮ್ಮ ಅವನ ಹಳದಿ ಬಟಾಣಿ ಸೂಪು ಬೇಯಿಸಿದಳು. ಮಧ್ಯೆ ಕದ್ದು ಇಂಗಿನ ಒಗ್ಗರಣೆ ಕೊಟ್ಟದ್ದು ಬೇರೆ ಮಾತು. ಅದು ಬೇಯುವವರೆಗೆ ಹಸಿದ ಎಂಜಿನಿಯರುಗಳೆಲ್ಲ ಪುಳಿಯೋಗರೆ ವಾಸನೆಯನ್ನೇ ಉಂಡರು.

ನಾನು ಕುಲಕರ್ಣಿ ಅಂಕಲ್ ಪಕ್ಕ ಕೂತು ಒಳಗೊಳಗೇ ಬೀಗುತ್ತಿದ್ದೆ. ಅವರು ನನ್ನ ಕಡೆ ತಿರುಗದೆಯೇ ಅಂದರು:

"ಪ್ಲೀಸ್ ಅಂದಾಗ್ಲೇ ನೀ ಅಂತ ಗೊತ್ತಾತು. ಆ ಮನಷ್ಯಾ ಹುಟ್ಟಿದಾಗಿಂದ ಪ್ಲೀಸ್ ಅಂದಿಲ್ಲ."

ಎಲ್ಲರಿಗೂ ಗೊತ್ತಿತ್ತಂತೆ. ಮತ್ತೆ ಯಾಕೆ ಬಂದ್ರಿ ಅಂದೆ.

"ಹುಲ್ಲು ಖರೇನ ಇತ್ತಲ್ಲೋ ತಮ್ಮಾ."

ಸೂಪು ಮುಗಿದ ಮೇಲೆ ತಾತ ನನ್ನನ್ನು ಎದುರಿಗೆ ನಿಲ್ಲಿಸಿ, ಫೋನಲ್ಲಿ ಹೇಳಿದ್ದನ್ನು ಹೇಳಿಸಿದ. ಕಣ್ಣು ಮುಚ್ಚಿ ಕೇಳಿದ. ಇನ್ನೊಮ್ಮೆ, ಪ್ಲೀಸ್ ಬಿಟ್ಟು, ಅಂದ. ಹೇಳಿದೆ. ತಲೆಯಾಡಿಸಿ ಬಟ್ಟಲು ಮುಂದೆ ಚಾಚಿದ. ಆ ಇಂಗು ಇನ್ನಷ್ಟು ಬೇಕಂತೆ.

ಕೊತ್ತಂಬರಿ ಸೊಪ್ಪು ಮರೆತು ಹುಲ್ಲಿನ ಮುಂದೆ ನಿಂತಿದ್ದೆನಲ್ಲ, ಆಗ ನೆನಪಾಯಿತು: ಹೋದ ವಾರದ ಗಾಳಿಗೆ ನಮ್ಮ ಪಕ್ಕದಮನೆ ಉಡುಪಿ ಭಟ್ ಅಂಕಲ್ ಬೇಲಿ ಅಡ್ಡ ಮಲಗಿದೆ. ಅಯ್ಯೋ ಪಾಪ ಅಂದು, ಅವರು ಅಯ್ಯೋ ಅನ್ನುವ ರೀತಿಯನ್ನೂ ಅಣಕಿಸಿ ಒಳಗೆ ಹೋಗಿದ್ದೆ. ಫೋನ್ ತೆಗೆದು ಗೆಳೆಯ ಸುಮಂತನಿಗೆ ಮಾಡಿದೆ.

"ಶನಿವಾರ ಏಳು ಗಂಟೆಗೆ ಬಾ. ಗ್ಲೌಸ್ ತಗೊಂಡ್ಬಾ. ಭಟ್ರ ಬೇಲಿ ನಿಲ್ಲಿಸಬೇಕು."

ಅವನು ಕೇಳಿದ:

"ಇದ್ಯಾರ ದನಿನೋ? ಅಷ್ಟು ಚೆನ್ನಾಗಿ ಬಂದಿಲ್ಲ."

"ನಂದೇ ಕಣೋ," ಅಂದೆ.