ರಷ್ಯಾದ ಚಳಿಯಲ್ಲಿ ರುದ್ರಮ್ಮ

ಟಿ.ಬಿ. ಡ್ಯಾಂ ಬಸ್ ನಿಲ್ದಾಣದ ಪಕ್ಕ ಸ್ವೆಟರ್ ಮಾರುವವರು ಬಂದಿದ್ದಾರೆ. ಹೊಸಪೇಟೆಯ ಬಿಸಿಲಿನಲ್ಲಿ ಸ್ವೆಟರ್ ಮಾರುವವರ ಧೈರ್ಯವನ್ನು ಮೆಚ್ಚಬೇಕು ನೋಡಿ. ಶನಿವಾರದ ರಜೆ ಅಂತ ತರಕಾರಿಗೆ ಹೊರಟವಳು ಆ ರಾಶಿಯ ಹತ್ತಿರ ನಿಂತೆ. ಉಣ್ಣೆಗಂಟಿದ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಮೈ ಬೆವರಿತು. ಇದೇ ವಾಸನೆಯ ಕೋಟು ತೊಟ್ಟು, ಸುಡುವ ಏಪ್ರಿಲ್‌ನಲ್ಲಿ, ಇದೇ ಊರಿನಲ್ಲಿ ನಾನು ರಷ್ಯಾದ ಚಳಿಗೆ ನಡುಗಿದವಳು.

ಇಪ್ಪತ್ತು ವರ್ಷದ ಹಿಂದಿನ ಮಾತು. ಕುರೆಕುಪ್ಪದ ಪ್ರಕಾಶ ಎಂಬ ತರುಣ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಮಾಡುತ್ತ, ಉಳಿದ ಹೊತ್ತು ನಾಟಕದ ಹುಚ್ಚಿನಲ್ಲಿರುತ್ತಿದ್ದ. ಹಳೆಯದೊಂದು ರಷ್ಯನ್ ನಾಟಕವನ್ನು ಕನ್ನಡದಲ್ಲಿ ಆಡಿಸಬೇಕೆಂದು ಅವನ ಹಟ. ಮನೆ ಕಳೆದುಕೊಂಡು ಹೊರಡುವ ಒಂದು ಕುಟುಂಬದ ಕಥೆ ಅದು. ಮನೆಯೊಡತಿಯ ಪಾತ್ರಕ್ಕೆ ಕಂಪ್ಲಿಯ ರುದ್ರಮ್ಮನವರನ್ನೇ ಒಪ್ಪಿಸಿಕೊಂಡು ಬಂದ. ಕಂಪನಿ ನಾಟಕಗಳ ಕಾಲದಲ್ಲಿ ಅವರ ಹೆಸರು ಕೇಳಿದರೆ ಗಾಡಿ ಕಟ್ಟಿಕೊಂಡು ಜನ ಬರುತ್ತಿದ್ದರಂತೆ. ಮುದಿ ಆಳಿನ ಪಾತ್ರ ಚೋರನೂರಿನ ಈರಣ್ಣನವರಿಗೆ. ಬಯಲಾಟದಲ್ಲಿ ಭೀಮನಾಗಿ ಹೆಜ್ಜೆಯಿಟ್ಟರೆ ರಂಗದ ಅಟ್ಟವನ್ನೇ ನಡುಗಿಸುತ್ತಿದ್ದವರು. ಇಂಥವರ ನಡುವೆ ರುದ್ರಮ್ಮನ ಮಗಳಾಗಿ ನಾನು, ಕಾಲುವೆ ಕಚೇರಿಯ ಹೊಸ ಗುಮಾಸ್ತೆ. ತಾಲೀಮು ನಡೆಯುವ ಸಭಾಂಗಣದ ಕೀಲಿ ನಮ್ಮ ಕಚೇರಿಯಲ್ಲಿತ್ತು ಎನ್ನುವುದೇ ನನ್ನ ದೊಡ್ಡ ಅರ್ಹತೆ.

ಈರಣ್ಣ ಚಹಾದ ತಟ್ಟೆ ಹಿಡಿದು ಬಂದರೆ ಗದೆ ಹೊತ್ತು ಬಂದಂತಿರುತ್ತಿತ್ತು. "ಮೆಲ್ಲಕ ಬರ್ರಿ ಅಣ್ಣ, ಮುದುಕ ಅದಾನವ," ಎಂದು ಪ್ರಕಾಶ ಹೇಳಿದರೆ, "ಭೀಮಗ ವಯಸ್ಸಾದ್ರ ಹಿಂಗ ನಡಿತಿದ್ದ ಬಿಡೋ," ಎನ್ನುತ್ತಿದ್ದರು. ಅವರೇನೋ ನಗುನಗುತ್ತಾ ಹೊಂದಿಕೊಂಡರು. ಕಷ್ಟವಾದದ್ದು ರುದ್ರಮ್ಮನವರಿಗೆ.

ಕೊನೆಯ ದೃಶ್ಯದಲ್ಲಿ ಮನೆಯೊಡತಿ ಮನೆಗೆ ವಿದಾಯ ಹೇಳಬೇಕು. ಕಂಬ ತಬ್ಬಿಕೊಂಡು ರುದ್ರಮ್ಮ ಅತ್ತರೆ ನಮ್ಮ ಕಣ್ಣೂ ಒದ್ದೆಯಾಗುತ್ತಿತ್ತು. ಪ್ರಕಾಶ ಮಾತ್ರ ತಲೆಯಾಡಿಸುತ್ತಿದ್ದ.

"ಅಳಬ್ಯಾಡ್ರಿ ಅಮ್ಮಾ. ಸುಮ್ಮನ ಒಮ್ಮೆ ಮನಿ ನೋಡ್ರಿ, ಸಾಕು."

"ನಾ ಸುಮ್ಮನ ನಿಂತಿದ್ದು ನೋಡಾಕ ಮಂದಿ ಯಾಕ ಬರ್ತಾರಪ?"

ಒಂದು ಸಂಜೆ ಅವನ ತಾಳ್ಮೆ ತಪ್ಪಿತು. "ಇದು ಕಂಪನಿ ನಾಟಕ ಅಲ್ರಿ!" ಎಂದುಬಿಟ್ಟ. ಎಲ್ಲರೆದುರು. ರುದ್ರಮ್ಮ ನಾಟಕದ ಕೋಟು ಕಳಚಿ, ಮಡಚಿ, ಕುರ್ಚಿಯ ಮೇಲಿಟ್ಟು ಹೊರನಡೆದರು. ನಾನು ಹಿಂದೆಯೇ ಓಡಿದೆ.

ಹಿನ್ನೀರಿನ ದಂಡೆಯ ಕಲ್ಲಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಕೂತೆ. ನೀರಿನ ಕಡೆ ಕೈ ತೋರಿಸಿದರು.

"ನಮ್ಮೂರು ಅಲ್ಲೈತಿ. ಡ್ಯಾಂ ಕಟ್ಟಿದಾಗ ಮುಳುಗಿತು. ನಾ ಸಣ್ಣಾಕಿ. ಬಂಡಿ ಬಾಗಿಲಿಗೆ ಬಂದೈತಿ, ನಮ್ಮವ್ವ ಮನಿ ಸಾರಸಾಕ ಕುಂತಾಳ! ನೀರಿಗೆ ಬಿಡೋ ಮನಿ ಯಾಕ ಸಾರಸ್ತಿಯವ್ವಾ ಅಂದೆ. 'ನೀರಾದ್ರೇನು, ನಮ್ಮನಿಗೆ ಬರಾಕ್ಹತ್ತೈತಲ್ಲ,' ಅಂದ್ಳು."

"ಅತ್ತರೇನ್ರಿ ಅವರು?"

"ಇಲ್ಲ. ಒಂದ್ ಹನಿ ಇಲ್ಲ." ಹೇಳಿ ರುದ್ರಮ್ಮ ನನ್ನನ್ನೇ ನೋಡಿದರು. ಏನೋ ಹೊಳೆದಂತೆ, "ಇಲ್ಲ ನೋಡು," ಎಂದು ಮತ್ತೊಮ್ಮೆ ತಮಗೇ ಹೇಳಿಕೊಂಡರು.

ಮರುದಿನ ಎಲ್ಲರಿಗಿಂತ ಮೊದಲು ಬಂದರು. ತಪ್ಪಾಯಿತೆಂದು ಪ್ರಕಾಶ ಕೈಮುಗಿದರೆ, "ಬಿಡೋ, ನಿಂದೂ ಖರೇನ ಐತಿ," ಎಂದರು. ಆದರೆ ಕೊನೆಯ ದೃಶ್ಯವನ್ನು ಮಾತ್ರ ತಾಲೀಮಿನಲ್ಲಿ ಮಾಡಲೊಪ್ಪಲಿಲ್ಲ.

ಪ್ರದರ್ಶನದ ಸಂಜೆ ಸಭಾಂಗಣ ತುಂಬಿತ್ತು. ಕೊನೆಯ ದೃಶ್ಯದಲ್ಲಿ ರುದ್ರಮ್ಮ ಕಂಬದ ಹತ್ತಿರವೂ ಸುಳಿಯಲಿಲ್ಲ. ಓರೆಯಾಗಿದ್ದ ಕುರ್ಚಿಯನ್ನು ನೆಟ್ಟಗೆ ಮಾಡಿದರು. ಮೇಜಿನ ಧೂಳನ್ನು ಕೋಟಿನಡಿಯ ಸೆರಗಿನಿಂದ ಒರೆಸಿದರು. ಯಾರೋ ಬರುವವರಿದ್ದಾರೆ ಎಂಬಂತೆ ಇಡೀ ಮನೆಯನ್ನೊಮ್ಮೆ ನೋಡಿದರು. ಜನ ಕೆಮ್ಮುವುದನ್ನೂ ಮರೆತರು. ಆಗ ನನ್ನ ಮಾತು ಬರಬೇಕಿತ್ತು: "ಅವ್ವಾ, ಹೊತ್ತಾಯ್ತು, ನಡಿ."

ನಿಮಗೆ ಹೇಳಬೇಕು, ನನ್ನನ್ನು ಹೆತ್ತವಳು ನಾನು ಮಾತು ಕಲಿಯುವ ಮೊದಲೇ ತೀರಿಕೊಂಡಿದ್ದಳು. ತಾಲೀಮಿನುದ್ದಕ್ಕೂ ಆ 'ಅವ್ವಾ' ನನ್ನ ಬಾಯಲ್ಲಿ ಪಾಠ ಒಪ್ಪಿಸಿದ ಹಾಗೆ ಬರುತ್ತಿತ್ತು. ಆ ಸಂಜೆ ನಿಜವಾಗಿ ಕರೆದೆ. ರುದ್ರಮ್ಮ ತಿರುಗಿದರು. ನಾಟಕದಲ್ಲಿಲ್ಲದ ಒಂದು ಕೆಲಸ ಮಾಡಿದರು. ನನ್ನ ಕೈ ಹಿಡಿದುಕೊಂಡು ಹೊರನಡೆದರು. ಪರದೆ ಬಿದ್ದ ಮೇಲೂ ಆ ಕೈ ಬಿಡಲಿಲ್ಲ.

ಬಣ್ಣ ಒರೆಸಿಕೊಳ್ಳುತ್ತ ಪ್ರಕಾಶನಿಗೆ ಹೇಳಿದರು: "ಮಂದಿ ಜೋಡಿ ಸುಮ್ಮನ ಇರೋದು ಎಷ್ಟ್ ಚಂದ ಐತಲ್ಲೋ. ಇಷ್ಟ್ ವರ್ಷ ಬರೇ ಚಪ್ಪಾಳಿ ಕೇಳಿದೆ." ಅವನು ಅತ್ತೇಬಿಟ್ಟ. "ಈಗ್ಯಾಕ ಅಳ್ತಿ? ಇದು ಕಂಪನಿ ನಾಟಕ ಅಲ್ಲ!" ಎಂದು ಈರಣ್ಣ ಗದ್ದರಿಸಿದರು.

ಆಮೇಲೆ ನಾನು ರಂಗ ಹತ್ತಲಿಲ್ಲ. ರಂಗಕ್ಕೂ ಅದರಿಂದ ನಷ್ಟವಾಗಲಿಲ್ಲ. ಆದರೆ ನನ್ನ ಮದುವೆಯಲ್ಲಿ ಉಡಿ ತುಂಬಿದವರು, ಮಗಳು ಹುಟ್ಟಿದಾಗ ಬಾಣಂತನಕ್ಕೆ ಬಂದು ಕೂತವರು ರುದ್ರಮ್ಮ. ಒಂದು ನಾಟಕ ಇಷ್ಟು ಕೊಡುತ್ತದೆಂದು ಯಾರಾದರೂ ಮೊದಲೇ ಹೇಳಿದ್ದರೆ ನಂಬುತ್ತಿರಲಿಲ್ಲ.

ಈಗ ಅವರಿಗೆ ಎಂಬತ್ತು ದಾಟಿದೆ. ಹೋಗಬೇಕು, ಹೋಗಬೇಕು ಎಂದುಕೊಂಡೇ ಹೋಗದೆ ಎಷ್ಟೋ ತಿಂಗಳಾಗಿತ್ತು. ನಿಂತಲ್ಲಿಂದಲೇ ಫೋನ್ ಮಾಡಿದೆ.

"ಅವ್ವಾ, ಬರಾಕ್ಹತ್ತೀನಿ."

"ಯಾವಾಗ ಬರ್ತಿ?"

"ಈಗ."

"ಜಲ್ದಿ ಬಾ. ಸೊಸಿಗೆ ಅನ್ನಕ್ಕ ಇಡು ಅಂತೀನಿ."

ಖಾಲಿ ತರಕಾರಿ ಚೀಲ ಬಗಲಲ್ಲಿಟ್ಟುಕೊಂಡು ಕಂಪ್ಲಿ ಬಸ್ಸು ಹತ್ತಿ ಕೂತಿದ್ದೇನೆ. ಕಿಟಕಿಯಾಚೆ ಗದ್ದೆಯ ಹಸಿರು ಶುರುವಾಗಿದೆ.