ಸಾಮ್ರಾಜ್ಯದೊಳಗೊಂದು ಅಕ್ಕಿ ಚೀಲ

ಮೊನ್ನೆ ಮಗಳು ಕಂಪ್ಯೂಟರಿನಲ್ಲಿ ಸಾಮ್ರಾಜ್ಯ ಕಟ್ಟುವ ಆಟ ಆಡುತ್ತಿದ್ದಳು. ಪರದೆಯ ಮೂಲೆಯಲ್ಲಿ ಒಂದು ಊರು ಕೆಂಪಗೆ ಮಿನುಗಿತು. “ಅಪ್ಪಾ, ಇಲ್ಲಿ ಲಂಚ ಭಾಳ ಆಗೇತಿ. ರಾಜಧಾನಿಯಿಂದ ದೂರ ಐತಲ್ಲ, ಅದಕ್ಕ” ಎಂದಳು. ಆಟ ಮಾಡಿದವರು ಲಂಚವನ್ನು ಎಷ್ಟು ಸಸಾರ ಮಾಡಿಬಿಟ್ಟಿದ್ದಾರೆ ನೋಡಿ!

ನಾವೂ ಹಾಗೇ ನಂಬಿದ್ದವರೇ. ತೊಂಬತ್ತೇಳರಲ್ಲಿ ಕೊಪ್ಪಳ ಜಿಲ್ಲೆಯಾದಾಗ, ರಾಯಚೂರಿಗೆ ಅಲೆಯುವುದು ತಪ್ಪಿತು, ಸರ್ಕಾರವೇ ಹತ್ತಿರ ಬಂತು, ಇನ್ನು ಯಾರು ಕೈಯೊಡ್ಡುತ್ತಾರೆ ಎಂದುಕೊಂಡಿದ್ದೆವು. ಮರುವರ್ಷ ನಾನೇ ಒಂದು ಕಚೇರಿಯಲ್ಲಿ ಗುಮಾಸ್ತನಾದೆ. ಹೊಲದ ಅಳತೆಗೆ ಬಂದ ಅರ್ಜಿಗಳನ್ನು ಸರದಿಯಂತೆ ಜೋಡಿಸಿ ಸಾಹೇಬರಿಗೆ ಕಳಿಸುವುದು ನನ್ನ ಕೆಲಸ. ಪ್ರಾಮಾಣಿಕನೆಂಬ ಜಂಬ ಬೇರೆ. ಯಾರಾದರೂ ಚಹಾಕ್ಕೆ ಕರೆದರೂ ದುಡ್ಡು ನಾನೇ ಕೊಡುತ್ತಿದ್ದೆ.

ಒಂದು ಸಂಜೆ ಮನೆಗೆ ಬಂದರೆ ಹೆಂಡತಿ ಅಂದಳು: “ಹುಲಿಹೈದರದ ಬಸಪ್ಪನವರು ಒಂದು ಚೀಲ ಹಳೆ ಅಕ್ಕಿ ಇಳಿಸಿ ಹೋಗ್ಯಾರ್ರಿ. ನಮ್ಮ ಹೊಲದ್ದು, ಉಣ್ರಿ ಅಂದ್ರು. ಏನೂ ಕೇಳಲಿಲ್ಲ.”

ನಮ್ಮ ಕಡೆ ಹೊಲದ ಅಕ್ಕಿ ಕೊಡುವುದು ಪ್ರೀತಿಯ ಗುರುತು, ಬೇಡವೆಂದರೆ ಅವಮಾನ. ಎರಡು ಹೊತ್ತು ಉಂಡೆ. ಮಲ್ಲಿಗೆಯಂಥ ಅನ್ನ, ಸುಳ್ಳೇಕೆ ಹೇಳಲಿ.

ಮರುದಿನ ಅರ್ಜಿ ಜೋಡಿಸಿ ಒಳಗೆ ಕಳಿಸುವ ಮುನ್ನ ನೋಡುತ್ತೇನೆ, ಎಲ್ಲಕ್ಕಿಂತ ಮೇಲೆ ಬಸಪ್ಪನದು! ಅವನಿಗಿಂತ ಎರಡು ತಿಂಗಳು ಮೊದಲೇ ಬಂದಿದ್ದ ನೀಲಮ್ಮನ ಅರ್ಜಿ ಎಲ್ಲಕ್ಕಿಂತ ಕೆಳಗೆ. ಪಾಪ, ಗಂಡನಿಲ್ಲದ ಹೆಂಗಸು; ಪಕ್ಕದ ಹೊಲದವನು ಅವಳ ಬದು ಒತ್ತುತ್ತಲೇ ಇದ್ದ. ಅಳತೆ ತಡವಾದಷ್ಟೂ ಅವಳಿಗೇ ನಷ್ಟ. ಬಸಪ್ಪನದನ್ನು ಮೇಲಿಡೆಂದು ಯಾರೂ ಹೇಳಿರಲಿಲ್ಲ. ನನ್ನ ಕೈಯೇ ಇಟ್ಟಿತ್ತು. ನನಗೆ ನನ್ನನ್ನೇ ಕಂಡು ಭಯವಾಯಿತು.

ಅವಳ ಅರ್ಜಿಯನ್ನು ಅದರ ಜಾಗಕ್ಕೆ ಎತ್ತಿಟ್ಟೆ. ಉಂಡಷ್ಟು ಅಕ್ಕಿಯನ್ನು ಅಂಗಡಿಯಿಂದ ತಂದು ಚೀಲ ತುಂಬಿಸಿ, ಭಾನುವಾರ ಬಸ್ಸಿಗೆ ಹಾಕಿಕೊಂಡು ಹುಲಿಹೈದರಕ್ಕೆ ಹೋದೆ. ಬಸಪ್ಪ ಚೀಲ ನೋಡಿದ, ನನ್ನನ್ನು ನೋಡಿದ. ಬೈಯುತ್ತಾನೆ ಅಂದುಕೊಂಡೆ.

“ಬದುಕಿಸಿದ್ರಿ ಸಾಹೇಬ್ರ!” ಅಂದ. “ಒಮ್ಮಿ ಕೊಟ್ರ ವರ್ಷಾ ವರ್ಷಾ ಕೊಡಬೇಕಾಗ್ತೈತಿ ಅಂತ ನಮ್ಮಾಕಿ ಬೈಯಾಕ ಹತ್ತಿದ್ಲು. ಕೊಡದಿದ್ರ ಅರ್ಜಿ ಮೂಲಿಗೆ ಬೀಳ್ತೈತಿ ಅಂತ ನನಗ ಹೆದರಿಕಿ.”

“ಅರ್ಜಿ ಅದರ ಸರದಿಯಾಗ ಐತಿ, ಹೆದರಬ್ಯಾಡ್ರಿ” ಅಂದೆ. ಇಬ್ಬರೂ ಹೊಟ್ಟೆ ತುಂಬ ನಕ್ಕೆವು.

ಇದನ್ನೆಲ್ಲ ಮಗಳಿಗೆ ಹೇಳಿ, “ಆಟದಾಗ ಕೆಂಪು ದೀಪ ಇರಬಾರದವ್ವಾ. ಯಾರರೆ ಪ್ರೀತಿಲೆ ಏನರೆ ತಂದುಕೊಡಬೇಕು. ಯಾರ ಸರದಿ ಹಿಂದ ಬಿತ್ತು ಅಂತ ಆಡೋರು ತಾವ ಹುಡುಕಬೇಕು” ಎಂದೆ.

ಮಗಳು ಆಟ ನಿಲ್ಲಿಸಿದಳು. “ನೀಲಮ್ಮಗ ಹೊಲ ಸಿಕ್ತೇನಪ್ಪಾ?”

“ಸಿಕ್ತವ್ವಾ, ಒಂದು ಗೇಣೂ ಕಡಿಮಿ ಆಗಲಿಲ್ಲ. ಆದ್ರ ತನ್ನ ಅರ್ಜಿ ಒಂದು ಗಳಿಗಿ ಕೆಳಗ ಇತ್ತಂತ ಆಕಿಗಿ ಇವತ್ತಿಗೂ ಗೊತ್ತಿಲ್ಲ.”

ಈ ಮಾತನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಈಗ ನಿಮಗೂ ಗೊತ್ತಾಯಿತು, ನನಗೆ ಹಗುರಾಯಿತು.